ಟ್ರ್ಯಾಕ್ಟರಿನ ಆಯಿಲನ್ನು ಕಾರಿಗೆ ಹಾಕಬಹುದೆ?



ಈಗ ಅನೇಕ ರೈತರ ಅಂಗಳದಲ್ಲಿ ಟ್ರ್ಯಾಕ್ಟರಿನ ಪಕ್ಕಕ್ಕೆ ಒಂದು ಕಾರೂ ನಿಂತಿರುತ್ತದೆ. ಹೊಸದಿರಲಿ, ಹಳೆಯದಿರಲಿ, ಆಸ್ಪತ್ರೆಗೆ, ಸಂತೆಗೆ, ಮದುವೆಗೆ ಅದೇ ಆಸರೆ. ಟ್ರ್ಯಾಕ್ಟರಿಗೆಂದು ತಂದ ಡಬ್ಬದಲ್ಲಿ ಎರಡು ಮೂರು ಲೀಟರು ಆಯಿಲ್ ಮಿಕ್ಕಿರುತ್ತದೆ; ಕಾರಿನ ಸರ್ವಿಸೂ ಹತ್ತಿರ ಬಂದಿರುತ್ತದೆ. “ಅದೂ ಎಂಜಿನ್ನು, ಇದೂ ಎಂಜಿನ್ನು. ಮಿಕ್ಕಿದ್ದನ್ನ ಇದಕ್ಕೆ ಹಾಕಿದರಾಯ್ತಲ್ಲ ಸ್ವಾಮಿ?” ಎಂದು ಹಳ್ಳಿಗಳಲ್ಲಿ ನನ್ನನ್ನು ಬಹಳ ಮಂದಿ ಕೇಳಿದ್ದಾರೆ. ಬೇಡ ಎಂದಷ್ಟೇ ಹೇಳಿದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಏಕೆ ಬೇಡ ಎಂಬುದನ್ನು ನೋಡೋಣ.

ಎತ್ತಿನ ಗಾಡಿಯ ಅಚ್ಚಿಗೆ ನಮ್ಮ ಹಿರಿಯರು ಕೀಲೆಣ್ಣೆ ಹಾಕುತ್ತಿದ್ದರು. ಹರಳೆಣ್ಣೆಯಾದರೂ ನಡೆಯುತ್ತಿತ್ತು. ಏತಕ್ಕೆಂದರೆ ಗಾಡಿಯ ಗಾಲಿ ನಿಮಿಷಕ್ಕೆ ಹದಿನೈದಿಪ್ಪತ್ತು ಸುತ್ತು ಸುತ್ತಿದರೆ ಹೆಚ್ಚು. (ಮೊದಮೊದಲು ಎಂಜಿನುಗಳ ಎಣ್ಣೆಗೂ ಹರಳೆಣ್ಣೆ ಬೆರೆಸಿದ್ದುಂಟು. ಕ್ಯಾಸ್ಟ್ರಾಲ್ ಎಂಬ ಹೆಸರು ಬಂದಿರುವುದೇ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ.) ಕಾರಿನ ಎಂಜಿನ್ ರಸ್ತೆಯ ಮೇಲೆ ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತು ಸುತ್ತುತ್ತದೆ. ಅದರ ದಂಡಕ್ಕೂ ಬೇರಿಂಗಿಗೂ ನಡುವೆ ಇರುವ ಸಂದು ಕೂದಲೆಳೆಗಿಂತ ಕಿರಿದು. ಆ ಸಂದಿನಲ್ಲಿ ಎಣ್ಣೆಯ ಪೊರೆ ಒಂದು ಇರುವುದರಿಂದಲೇ ಕಬ್ಬಿಣಕ್ಕೆ ಕಬ್ಬಿಣ ತಾಗದೆ ಉಳಿಯುವುದು. ಪೊರೆ ಹರಿದರೆ ಎಂಜಿನ್ ಕಚ್ಚಿಕೊಳ್ಳುತ್ತದೆ. ಆಮೇಲೆ ಒಂದು ಬೆಳೆಯ ಹಣವೆಲ್ಲ ಅದರ ರಿಪೇರಿಗೇ ಹೋದೀತು.

ಇನ್ನು ಡಬ್ಬದ ಮೇಲಿನ ಅಂಕಿಗಳ ವಿಚಾರ. ಟ್ರ್ಯಾಕ್ಟರಿನ ಆಯಿಲಿನ ಮೇಲೆ ಸಾಮಾನ್ಯವಾಗಿ 15ಡಬ್ಲ್ಯು-40 ಎಂದು ಇರುತ್ತದೆ. ಈಚಿನ ಪೆಟ್ರೋಲ್ ಕಾರುಗಳ ಪುಸ್ತಕ ನೋಡಿದರೆ 5ಡಬ್ಲ್ಯು-30, ಇಲ್ಲವೆ 0ಡಬ್ಲ್ಯು-20 ಎಂದು ಬರೆದಿರುತ್ತದೆ. ಇವು ಎಣ್ಣೆಯ ಗಟ್ಟಿತನದ ಅಳತೆಗಳು. ಆಲೆಮನೆಯಲ್ಲಿ ನೀವು ಕಂಡಿದ್ದೀರಿ: ಕೊಪ್ಪರಿಗೆಯಲ್ಲಿ ಕುದಿಯುವಾಗ ಪಾಕ ಸಲೀಸಾಗಿ ಹರಿಯುತ್ತದೆ, ಆರುತ್ತ ಬಂದಂತೆ ಮಂದವಾಗುತ್ತದೆ. ಆಯಿಲಿನ ಗುಣವೂ ಹಾಗೆಯೇ. ಹಿಂದಿನ ಅಂಕಿ, ಅಂದರೆ 20, 30, 40 ಎಂಬುದು, ಎಂಜಿನ್ ಕಾದು ಎಣ್ಣೆ 100 ಡಿಗ್ರಿ ಶಾಖಕ್ಕೆ ಬಂದಾಗ ಅದು ಎಷ್ಟು ಮಂದವಾಗಿ ಉಳಿಯುತ್ತದೆ ಎಂದು ಹೇಳುತ್ತದೆ. ಡಬ್ಲ್ಯುವಿನ ಮುಂದಿನದು ತಣ್ಣಗಿರುವಾಗಿನ ಲೆಕ್ಕ. ಡಬ್ಲ್ಯು ಎಂದರೆ ಇಂಗ್ಲಿಷಿನಲ್ಲಿ ಚಳಿಗಾಲ. ಈ ಅಂಕಿ ಚಿಕ್ಕದಾದಷ್ಟೂ ತಣ್ಣನೆಯ ಎಣ್ಣೆ ಬೇಗ ಹರಿಯುತ್ತದೆ.

“ನಮ್ಮಲ್ಲಿ ಹಿಮ ಎಲ್ಲಿ ಬೀಳುತ್ತೆ, ಚಳಿಗಾಲದ ಅಂಕಿ ನಮಗ್ಯಾಕೆ?” ಅಂತೀರಿ. ಮಾತು ಸರಿಯೆ. ಆದರೆ ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಎಣ್ಣೆ ಕೆಳಗಿನ ತೊಟ್ಟಿಗೆ ಇಳಿದಿರುತ್ತದೆ. ಬೆಳಗಿನ ಜಾವ ಚಾವಿ ತಿರುಗಿಸಿದ ಕೂಡಲೆ ಅದು ಮೇಲಿನ ವಾಲ್ವುಗಳವರೆಗೂ ಏರಬೇಕು. ಸಪೂರ ಕಂಡಿಗಳಿರುವ ಹೊಸ ಎಂಜಿನಿನಲ್ಲಿ ಮಂದವಾದ ಎಣ್ಣೆ ತಡವಾಗಿ ತಲಪುತ್ತದೆ, ತಡವಾದಷ್ಟೂ ಸವೆತ. ಕಾದ ಮೇಲೂ ಮಂದವಾಗಿಯೇ ಉಳಿದರೆ ಎಂಜಿನ್ ಆ ಎಣ್ಣೆಯನ್ನು ಕಡೆಯುವುದಕ್ಕೇ ಶಕ್ತಿ ವ್ಯಯ ಮಾಡುತ್ತದೆ, ಪೆಟ್ರೋಲು ಹೆಚ್ಚು ತಿನ್ನುತ್ತದೆ. ಟ್ರ್ಯಾಕ್ಟರಿನ ಕಥೆ ಬೇರೆ. ಅದು ಭಾರ ಹೊತ್ತು ಗಂಟೆಗಟ್ಟಲೆ ದುಡಿಯುವ ಯಂತ್ರ, ಅದಕ್ಕೆ ಮಂದವಾದ ಪೊರೆಯೇ ಬೇಕು. ಎರಡೂ ಒಳ್ಳೆಯ ಎಣ್ಣೆಗಳೇ, ಎತ್ತಿನ ನೊಗವನ್ನು ಕರುವಿನ ಕುತ್ತಿಗೆಗೆ ಕಟ್ಟಬಾರದು ಅಷ್ಟೆ.

ಅಂಕಿಯ ಜೊತೆಗೆ ಎ.ಪಿ.ಐ. ಎಂಬುದರ ಮುಂದೆ ಒಂದೆರಡು ಅಕ್ಷರ ಇರುತ್ತವೆ. ಎಸ್ ಎಂದು ಆರಂಭವಾದರೆ ಪೆಟ್ರೋಲ್ ಎಂಜಿನಿಗೆ, ಸಿ ಎಂದು ಆರಂಭವಾದರೆ ಡೀಸೆಲ್ ಎಂಜಿನಿಗೆ. ಡೀಸೆಲ್ ಎಣ್ಣೆಯಲ್ಲಿ ಮಸಿ ತೊಳೆಯುವ ಮದ್ದುಗಳು ಹೆಚ್ಚು. ಅದರಲ್ಲಿರುವ ರಂಜಕದ ಅಂಶವೂ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಪೆಟ್ರೋಲ್ ಕಾರಿನ ಹೊಗೆ ಕೊಳವೆಯಲ್ಲಿ ವಿಷದ ಹೊಗೆಯನ್ನು ಶುದ್ಧಿ ಮಾಡುವ ಭಾಗವನ್ನು ಅದು ಬರುಬರುತ್ತ ಕೆಡಿಸುತ್ತದೆ.

ಹಾಗಾದರೆ ಡೀಸೆಲ್ ಕಾರಿಗೆ ಟ್ರ್ಯಾಕ್ಟರಿನ ಡೀಸೆಲ್ ಎಣ್ಣೆ ಆಗಬೇಕಲ್ಲ? ಹೆಚ್ಚು ಜನ ಮೋಸಹೋಗುವುದು ಇಲ್ಲಿಯೇ. 2020ರ ಏಪ್ರಿಲಿನಿಂದ ಬಿ.ಎಸ್.-6 ನಿಯಮ ಜಾರಿಗೆ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜರಡಿ ಇರುತ್ತದೆ. ಹಿಡಿದ ಮಸಿಯನ್ನು ಅದು ಆಗಾಗ ತಾನೇ ಸುಟ್ಟುಕೊಳ್ಳುತ್ತದೆ. ಆದರೆ ಎಣ್ಣೆಯ ಮದ್ದುಗಳು ಉರಿದು ಉಳಿಯುವ ಬೂದಿ ಸುಡುವುದಿಲ್ಲ, ಅಲ್ಲೇ ಕೂರುತ್ತದೆ. ಸಾಧಾರಣ ಡೀಸೆಲ್ ಎಣ್ಣೆ ಹಾಕಿದರೆ ಬೂದಿ ಹೆಚ್ಚಿ ಜರಡಿ ಬೇಗ ಕಟ್ಟುತ್ತದೆ. ಈ ಕಾರುಗಳಿಗೆ ಕಡಿಮೆ ಬೂದಿಯ ಎಣ್ಣೆಯೇ ಬೇಕು.

ಇಂಥ ಕಾರಿನವರು ಇನ್ನೊಂದು ಸಂಗತಿ ಗಮನಿಸತಕ್ಕದ್ದು. ಡೈರಿಗೆ ಹೋಗಿ ಬಂದೆ, ತೋಟಕ್ಕೆ ಹೋಗಿ ಬಂದೆ ಎಂದು ಬರಿಯ ಎರಡು ಮೂರು ಮೈಲಿ ಓಡಿಸುತ್ತಿದ್ದರೆ ಜರಡಿ ಸುಟ್ಟುಕೊಳ್ಳುವುದು ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕಾಗಿ ಚಿಮ್ಮಿಸಿದ ಡೀಸೆಲ್ ಎಣ್ಣೆಯೊಳಕ್ಕೆ ಇಳಿಯುತ್ತದೆ. ಕಡ್ಡಿ ಎಳೆದು ನೋಡಿದರೆ ಎಣ್ಣೆ ಕಡಿಮೆಯಾಗುವ ಬದಲು ಏರಿರುತ್ತದೆ! ಒಳ್ಳೆಯದಾಯಿತು ಎಂದು ಸಂತೋಷಪಡಬೇಡಿ; ಎಣ್ಣೆ ನೀರಾಗಿದೆ, ಬದಲಾಯಿಸಬೇಕು.

ಬಹಳ ಕಾರುಗಳ ಪುಸ್ತಕದಲ್ಲಿ 10,000 ಕಿಲೋಮೀಟರು ಅಥವಾ 1 ವರ್ಷ, ಯಾವುದು ಮೊದಲೋ ಅದು, ಎಂದಿರುತ್ತದೆ. ಹಳ್ಳಿಯ ಕಾರು ವರ್ಷಕ್ಕೆ ಅಷ್ಟು ಓಡದಿರಬಹುದು. ಆದರೂ ವರ್ಷ ತುಂಬಿದೊಡನೆ ಬದಲಾಯಿಸಿ, ಫಿಲ್ಟರನ್ನೂ ಸೇರಿಸಿ. ಡೀಸೆಲ್ ಎಂಜಿನಿನಲ್ಲಿ ಹೊಸ ಎಣ್ಣೆ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ಅದು ಮಸಿಯನ್ನು ಹೊತ್ತುಕೊಂಡಿದೆ ಎಂದು ಅರ್ಥ. ಬಣ್ಣ ನೋಡಿ ಎಣ್ಣೆ ಕೆಟ್ಟಿತೆನ್ನುವುದು ಸರಿಯಲ್ಲ.

ಅಳತೆ ನೋಡುವಾಗ ಕಾರು ಸಮತಟ್ಟು ನೆಲದ ಮೇಲಿರಲಿ. ಎಂಜಿನ್ ನಿಲ್ಲಿಸಿ ಐದು ಹತ್ತು ನಿಮಿಷ ಬಿಟ್ಟು ಕಡ್ಡಿ ಎಳೆದು, ಒರೆಸಿ, ಮತ್ತೆ ಇಳಿಸಿ ನೋಡಿ. ಎರಡು ಗೆರೆಗಳ ನಡುವೆ ಇದ್ದರೆ ಸರಿ. ಜಾಸ್ತಿ ಇದ್ದರೆ ಒಳ್ಳೆಯದೆಂದು ಮೇಲಿನ ಗೆರೆ ದಾಟಿಸಬೇಡಿ. ತಿರುಗುವ ದಂಡ ಅದನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಎಬ್ಬಿಸುತ್ತದೆ. ನೊರೆಗೆ ಪೊರೆ ಕಟ್ಟುವ ಶಕ್ತಿ ಇಲ್ಲ.

ಟ್ರ್ಯಾಕ್ಟರಿನ ಗೇರುಪೆಟ್ಟಿಗೆಗೂ ಹೈಡ್ರಾಲಿಕ್ಕಿಗೂ ಹಾಕುವ ಆಯಿಲಿನ ಡಬ್ಬವೂ ಅದೇ ಆಕಾರದಲ್ಲಿ ಅದೇ ಮೂಲೆಯಲ್ಲಿ ಇರುತ್ತದೆ. ಅದು ಎಂಜಿನ್ ಆಯಿಲೇ ಅಲ್ಲ. ಡಬ್ಬಗಳ ಮೇಲೆ ಸುಣ್ಣದಲ್ಲಾದರೂ ಗುರುತು ಮಾಡಿಡಿ, ಮನೆಯ ಹುಡುಗರು ತಿಳಿಯದೆ ಸುರಿದುಬಿಡಬಾರದು. ಕಾರಿನ ಆಯಿಲನ್ನು ಮೋಟಾರು ಸೈಕಲ್ಲಿಗೂ ಹಾಕಬೇಡಿ, ಎಣ್ಣೆಯಲ್ಲೇ ಮುಳುಗಿರುವ ಅದರ ಕ್ಲಚ್ಚು ಜಾರಬಹುದು.

ದಾರಿಯಲ್ಲಿ ಎಣ್ಣೆಯ ಕೆಂಪು ದೀಪ ಹತ್ತಿದರೆ? ಕೂಡಲೆ ನಿಲ್ಲಿಸಿ, ಕಡ್ಡಿ ನೋಡಿ. ಎಣ್ಣೆ ಇಳಿದಿದ್ದು, ಸರಿಯಾದದ್ದು ಸಿಗದಿದ್ದರೆ, ಸಿಕ್ಕ ಎಂಜಿನ್ ಆಯಿಲನ್ನೇ ಕಡ್ಡಿಯ ಗೆರೆ ಮುಟ್ಟುವಷ್ಟು ಹಾಕಿ. ದೀಪ ಆರಿದರೆ ನಿಧಾನವಾಗಿ ಮನೆ ಸೇರಿ, ಬೇಗ ಎಲ್ಲವನ್ನೂ ಬದಲಾಯಿಸಿ. ಎಣ್ಣೆಯೇ ಇಲ್ಲದೆ ಓಡಿಸುವುದಕ್ಕಿಂತ ಅದು ಮೇಲು. ದೀಪ ಆರದಿದ್ದರೆ ಮಾತ್ರ ಎಂಜಿನನ್ನು ಮತ್ತೆ ಚಾಲೂ ಮಾಡಲೇಬೇಡಿ, ಎಳೆಸಿಕೊಂಡು ಬನ್ನಿ.

ಮಿಕ್ಕ ಟ್ರ್ಯಾಕ್ಟರ್ ಆಯಿಲನ್ನು ಮುಚ್ಚಳ ಬಿಗಿದು, ಧೂಳು ನೀರು ಸೇರದಂತೆ ನೆರಳಿನಲ್ಲಿಡಿ. ಟ್ರ್ಯಾಕ್ಟರಿನ ಮುಂದಿನ ಸರ್ವಿಸಿಗೆ ಅದೇ ಆದೀತು. ಇಳಿಸಿದ ಕಪ್ಪು ಎಣ್ಣೆಯನ್ನು ಕಾಲುವೆಗೆ ಚೆಲ್ಲಬೇಡಿ, ದನದ ಗಾಯಕ್ಕೂ ಹಚ್ಚಬೇಡಿ. ಡಬ್ಬದಲ್ಲಿ ತುಂಬಿ ಗ್ಯಾರೇಜಿನಲ್ಲಿ ಹಳೆಯ ಎಣ್ಣೆ ಕೂಡಿಡುವವರಿಗೆ ಕೊಟ್ಟುಬಿಡಿ.