ಒಂದೇ ಒಂದು ಅಂಗಿಗೂ ಅಚ್ಚು

ನವೆಂಬರ್ ಹತ್ತಿರವಾದರೆ ಟಿ-ಶರ್ಟಿಗೆ ಅಚ್ಚು ಹಾಕುವವರಿಗೆ ಕೈತುಂಬ ಕೆಲಸ. ರಾಜ್ಯೋತ್ಸವಕ್ಕೆ ಇನ್ನೂರು ಅಂಗಿ ಬೇಕೆನ್ನುವ ಸಂಘಕ್ಕೆ ಸ್ಕ್ರೀನ್ ಪ್ರಿಂಟಿಂಗೇ ಸರಿ. ಬಣ್ಣಕ್ಕೊಂದರಂತೆ ಸ್ಕ್ರೀನ್ ಕಟ್ಟಿದ ಖರ್ಚು ಅಷ್ಟೂ ಅಂಗಿಗಳ ಮೇಲೆ ಹಂಚಿಹೋಗುತ್ತದೆ. ಆದರೆ ಮಗನ ಹೆಸರಿರುವ ಒಂದೇ ಒಂದು ಅಂಗಿ ಬೇಕೆಂದು ಬರುವ ತಾಯಿಗೆ? ಅವರಿಗೆ ಒದಗುವುದು ಲೇಸರ್ ಪ್ರಿಂಟರಿನ ಹೀಟ್ ಟ್ರಾನ್ಸ್‌ಫರ್ ಪೇಪರ್.

ಲೇಸರ್ ಪ್ರಿಂಟರಿನೊಳಗೆ ದ್ರವರೂಪದ ಶಾಯಿ ಇರುವುದಿಲ್ಲ. ಟೋನರ್ ಅನ್ನುವುದು ಬಣ್ಣ ಬೆರೆತ ಬಲು ನುಣ್ಣನೆಯ ಪ್ಲಾಸ್ಟಿಕ್ ಪುಡಿ; ಬಿಸಿ ತಾಗಿದರೆ ಕರಗಿ ಅಂಟಿಕೊಳ್ಳುತ್ತದೆ. ಈ ವಿದ್ಯೆಯ ಮೂಲಪುರುಷ ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಗಂಧಕ ಸವರಿದ ಸತುವಿನ ತಗಡಿನ ಮೇಲೆ ಸ್ಥಿರವಿದ್ಯುತ್ತಿನಿಂದ ಪುಡಿಯನ್ನು ಹಿಡಿದು ನಿಲ್ಲಿಸಿ, ಅದನ್ನು ಮೇಣದ ಕಾಗದಕ್ಕೆ ಇಳಿಸಿ, ಬಿಸಿ ಮಾಡಿ ಅಂಟಿಸಿದ್ದ. ಜೆರಾಕ್ಸ್ ಸಂಸ್ಥೆಯ ಗ್ಯಾರಿ ಸ್ಟಾರ್ಕ್‌ವೆದರ್ 1971ರ ಹೊತ್ತಿಗೆ ಅದಕ್ಕೆ ಲೇಸರ್ ಕಿರಣ ಜೋಡಿಸಿದ. ಪುಡಿಯನ್ನು ಮತ್ತೊಮ್ಮೆ ಬಿಸಿ ಮಾಡಿ ಕಾಗದದಿಂದ ಬಟ್ಟೆಗೆ ದಾಟಿಸುವುದಷ್ಟೇ ಟಿ-ಶರ್ಟಿನವರ ಕೆಲಸ.

ಕಾಗದ ಕೊಳ್ಳುವಾಗ ಮಾತ್ರ ಮೈಯೆಲ್ಲ ಕಣ್ಣಾಗಿರಬೇಕು. ಇಂಕ್‌ಜೆಟ್‌ಗೆಂದು ಮಾಡಿದ ಟ್ರಾನ್ಸ್‌ಫರ್ ಹಾಳೆಯನ್ನು ಲೇಸರ್ ಪ್ರಿಂಟರಿಗೆ ತೂರಿಸಿದರೆ, ಟೋನರನ್ನು ಕರಗಿಸಿ ಅಂಟಿಸುವ ಸುಮಾರು 200 ಡಿಗ್ರಿ ಬಿಸಿಯ ಫ್ಯೂಸರ್ ರೋಲರಿಗೆ ಅದರ ಲೇಪನ ಕರಗಿ ಮೆತ್ತಿಕೊಂಡು ಯಂತ್ರವೇ ಕೈಕೊಡಬಹುದು. ಲೇಸರ್ ಹಾಳೆಯ ಲೇಪನ ಆ ಕ್ಷಣದ ಬಿಸಿಯನ್ನು ತಡೆದುಕೊಳ್ಳುತ್ತದೆ. ಅದನ್ನೂ ಒಂದೊಂದಾಗಿ ಮ್ಯಾನುಯಲ್ ಟ್ರೇಯಲ್ಲೇ ಹಾಕಬೇಕು, ಸೆಟ್ಟಿಂಗಿನಲ್ಲಿ ದಪ್ಪ ಕಾಗದವೆಂದು ಆರಿಸಬೇಕು.

ಬಿಳಿ ಹತ್ತಿ ಅಂಗಿಗಾದರೆ ದಾರಿ ಸುಲಭ. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮುದ್ರಿಸಿ, ಹೀಟ್ ಪ್ರೆಸ್‌ನಲ್ಲಿ ಒತ್ತಿ, ಹಾಳೆ ಸುಲಿದರೆ ಆಯಿತು. ಒತ್ತುವ ಮೊದಲು ಬರಿಯ ಅಂಗಿಯನ್ನು ಕೆಲವು ಸೆಕೆಂಡು ಪ್ರೆಸ್‌ನಲ್ಲಿಟ್ಟು ತೇವ ಹೋಗಿಸುವುದನ್ನು ಬಲ್ಲವರು ಮರೆಯುವುದಿಲ್ಲ.

ನಿಜವಾದ ಕೈಚಳಕ ಬೇಕಾಗುವುದು ಬಣ್ಣದ ಅಂಗಿಗೆ. ಕೆಂಪು ಅಂಗಿಯ ಮೇಲೆ ಹಳದಿ ಅಕ್ಷರವನ್ನು ನೇರವಾಗಿ ಇಳಿಸಿದರೆ ಅದು ಕೆಂಪಿನಲ್ಲೇ ಮುಳುಗಿಹೋಗುತ್ತದೆ; ಸಾಮಾನ್ಯ ಲೇಸರ್ ಪ್ರಿಂಟರಿನಲ್ಲಿ ಬಿಳಿ ಟೋನರ್ ಇಲ್ಲ. ಅದಕ್ಕೇ ಬಂದದ್ದು ಎ ಮತ್ತು ಬಿ ಎಂಬ ಜೋಡಿ ಹಾಳೆ. ಎ ಹಾಳೆಯ ಮೇಲೆ ಮುದ್ರಿಸಿ, ಬಿಳಿ ಅಂಟಿರುವ ಬಿ ಹಾಳೆಯನ್ನು ಅದಕ್ಕೆ ಕೂಡಿಸಿ ಒತ್ತುತ್ತಾರೆ. ಬಿಸಿ ಇರುವಾಗಲೇ, ನಡುವೆ ಎಲ್ಲೂ ನಿಲ್ಲಿಸದೆ ಒಂದೇ ಎಳೆತದಲ್ಲಿ ಬಿಡಿಸಿದರೆ, ಟೋನರ್ ಇರುವ ಕಡೆಗಷ್ಟೇ ಬಿಳಿ ಅಂಟು ದಾಟಿರುತ್ತದೆ. ಖಾಲಿ ಜಾಗ ಖಾಲಿಯಾಗಿಯೇ ಉಳಿಯುತ್ತದೆ. ಆಮೇಲೆ ಎ ಹಾಳೆಯನ್ನು ಅಂಗಿಯ ಮೇಲೆ ಮಗುಚಿ ಒತ್ತುತ್ತಾರೆ. ಹಳದಿ ಮೇಲೆ, ಬಿಳಿ ಕೆಳಗೆ.

ಕನ್ನಡ ಅಕ್ಷರಗಳಿಗೆ ಇದು ವರದಾನವೆಂದೇ ನನ್ನ ಅನಿಸಿಕೆ. ವಿನೈಲ್ ಕತ್ತರಿಸಿ ಅಂಟಿಸುವ ಪದ್ಧತಿಯಲ್ಲಿ ಅಕ್ಷರದೊಳಗಿನ ಬೇಡದ ಚೂರುಗಳನ್ನೆಲ್ಲ ಸೂಜಿಯಿಂದ ಕಿತ್ತು ತೆಗೆಯಬೇಕು. ‘ವಿಠಲ’ ಎಂಬ ಹೆಸರನ್ನೇ ನೋಡಿ. ಠಕಾರದ ಹೊಟ್ಟೆಯೊಳಗಿನ ಚುಕ್ಕೆ ಒಂಟಿಯಾಗಿ ನಿಂತಿದೆ, ಸುತ್ತಲಿನ ಚೂರಿನ ಜೊತೆ ಅದೂ ಎದ್ದುಬಂದರೆ ಕೆಲಸ ಕೆಟ್ಟಿತು. ಸಣ್ಣ ಗಾತ್ರದ ಒತ್ತಕ್ಷರಗಳ ಪಾಡು ಇನ್ನೂ ಕಷ್ಟ. ಜೋಡಿ ಹಾಳೆಯಲ್ಲಿ ಕತ್ತರಿಸುವ ಮಾತೇ ಇಲ್ಲ. ಟೋನರ್ ಕೂತಲ್ಲೆಲ್ಲ ಅಕ್ಷರ ನಿಲ್ಲುತ್ತದೆ.

ಎದೆಯಗಲದ ಫೋಟೋಗೆ ಮಾತ್ರ ಇದನ್ನು ನಾನು ಸೂಚಿಸುವುದಿಲ್ಲ. ಪ್ಲಾಸ್ಟಿಕ್ ಪದರ ಗಾಳಿ ಆಡಗೊಡದು, ಸೆಕೆಯಲ್ಲಿ ಮೈಗೆ ಅಂಟುತ್ತದೆ. ಹೆಸರು, ಲಾಂಛನ, ಗೆರೆಚಿತ್ರಕ್ಕೆ ಹೇಳಿಮಾಡಿಸಿದ್ದು. ಅಚ್ಚಾದ ಅಂಗಿಯನ್ನು ಒಂದು ದಿನ ಬಿಟ್ಟು, ಒಳಮೈ ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆಯಬೇಕು. ಇಸ್ತ್ರಿಪೆಟ್ಟಿಗೆಯನ್ನು ಅಚ್ಚಿನ ಮೇಲೆ ನೇರವಾಗಿ ಆಡಿಸಲೇಬಾರದು.