ಒಂದೇ ಪೆಟ್ಟಿಗೆ, ಎರಡು ಆಯಸ್ಸು

ಹೋಮ್ ಥಿಯೇಟರ್ ರಿಸೀವರ್ ಹಳತಾಯಿತೆಂದು ಗುಜರಿಗೆ ಹಾಕುವ ಮುನ್ನ ಅದರೊಳಗೆ ಎರಡು ಯಂತ್ರಗಳಿವೆ ಎಂಬುದನ್ನು ನೆನೆಯಬೇಕು. ಒಂದು, ಸ್ಪೀಕರುಗಳಿಗೆ ಬಲ ತುಂಬುವ ಆಂಪ್ಲಿಫೈಯರ್. ಭಾರದ ಟ್ರಾನ್ಸ್‌ಫಾರ್ಮರ್, ದಪ್ಪ ಹೀಟ್‌ಸಿಂಕ್ ಇರುವ ಈ ಭಾಗ, ಗಾಳಿಯಾಡುವ ಜಾಗದಲ್ಲಿದ್ದರೆ, ದಶಕಗಟ್ಟಲೆ ದುಡಿಯುತ್ತದೆ. ಇನ್ನೊಂದು, ಚಿತ್ರ–ಧ್ವನಿಯ ಸಂಕೇತಗಳನ್ನು ಬಿಡಿಸುವ ಡಿಜಿಟಲ್ ಭಾಗ. ಇದಕ್ಕೆ ಬೇಗ ವಯಸ್ಸಾಗುತ್ತದೆ.

ಮೊದಮೊದಲು ರಿಸೀವರ್ ಎಂದರೆ ರೇಡಿಯೊ ಮತ್ತು ಸ್ಟೀರಿಯೊ ಆಂಪ್ಲಿಫೈಯರ್ ಕೂಡಿದ ಪೆಟ್ಟಿಗೆ, ಅಷ್ಟೇ. ಸುತ್ತಲಿನಿಂದ ಕೇಳುವ ಧ್ವನಿ ಚಿತ್ರಮಂದಿರದ ಸೊತ್ತಾಗಿತ್ತು. 1940ರಲ್ಲಿ ಡಿಸ್ನಿಯ ‘ಫ್ಯಾಂಟೇಸಿಯಾ’ಕ್ಕಾಗಿ ಕಟ್ಟಿದ ವ್ಯವಸ್ಥೆ ಎಷ್ಟು ದುಬಾರಿಯಾಗಿತ್ತೆಂದರೆ ಬೆರಳೆಣಿಕೆಯ ಮಂದಿರಗಳಿಗಷ್ಟೇ ಅದು ದಕ್ಕಿತು. ಆ ಸುತ್ತಲಿನ ಧ್ವನಿಯನ್ನು ಮನೆಯೊಳಗೆ ತಂದ ಹೆಸರು ಡಾಲ್ಬಿ. ರೇ ಡಾಲ್ಬಿ 1963ರಿಂದ ಎರಡು ವರ್ಷ ಯುನೆಸ್ಕೊ ಸಲಹೆಗಾರರಾಗಿ ನಮ್ಮ ದೇಶದಲ್ಲೇ ಇದ್ದವರು. 1965ರಲ್ಲಿ ಲಂಡನ್ನಿಗೆ ಹೋಗಿ ಪ್ರಯೋಗಾಲಯ ತೆರೆದರು. ಅವರ ಸಂಸ್ಥೆ 1987ರಲ್ಲಿ ತಂದ ‘ಪ್ರೊ ಲಾಜಿಕ್’, ವಿಡಿಯೊ ಕ್ಯಾಸೆಟ್ಟಿನ ಎರಡೇ ಟ್ರ್ಯಾಕಿನಲ್ಲಿ ಬೆರೆಸಿಟ್ಟ ನಾಲ್ಕು ದಾರಿಯ ಧ್ವನಿಯನ್ನು ಬೇರ್ಪಡಿಸುತ್ತಿತ್ತು. ಆ ಬೇರ್ಪಡಿಸುವ ಕೆಲಸಕ್ಕೆ ಜಾಗ ಸಿಕ್ಕಿದ್ದು ರಿಸೀವರಿನಲ್ಲಿ. ಡಿವಿಡಿ ಬಂದಮೇಲೆ 5.1 ಧ್ವನಿ ಮನೆಮಾತಾಯಿತು.

ಅಲ್ಲಿಯವರೆಗೂ ಪೆಟ್ಟಿಗೆ ಮುಖ್ಯವಾಗಿ ಧ್ವನಿಯದೇ. 2002ರ ಕೊನೆಗೆ ಎಚ್‌ಡಿಎಂಐ ಬಂತು. ಚಿತ್ರ, ಧ್ವನಿ ಎರಡೂ ಒಂದೇ ಕೇಬಲ್ಲಿನಲ್ಲಿ ಹರಿದು, ರಿಸೀವರ್ ಚಿತ್ರಕ್ಕೂ ಹೆಬ್ಬಾಗಿಲಾಯಿತು. ಕೇಬಲ್ಲಿನ ಗೊಂದಲ ಕಳೆಯಿತು, ನಿಜ. ಆದರೆ ಟಿವಿ ಬದಲಾದಂತೆಲ್ಲ ಆಂಪ್ಲಿಫೈಯರೂ ಹಳತಾಗುವ ಅನ್ಯಾಯ ಶುರುವಾಗಿದ್ದೂ ಆಗಲೇ. 4ಕೆ ಚಿತ್ರಗಳಿಗೆ ಎಚ್‌ಡಿಸಿಪಿ 2.2 ಎಂಬ ನಕಲು ತಡೆಯುವ ಬೀಗ ಬಂದಾಗ, 2010ರ ಆಸುಪಾಸಿನ ಒಳ್ಳೊಳ್ಳೆಯ ರಿಸೀವರುಗಳ ಮುಂದೆ ಪರದೆ ಕಪ್ಪಾಯಿತು. ಕೆಟ್ಟಿದ್ದು ಏನೂ ಇರಲಿಲ್ಲ.

ಹಾಗಾಗಿ ಚಿತ್ರ ಬಾರದಿದ್ದರೆ ಗಾಬರಿ ಬೇಡ. ಎಲ್ಲದರ ಪ್ಲಗ್ ಕಿತ್ತು ಕೆಲ ನಿಮಿಷ ಬಿಟ್ಟು, ಮೊದಲು ಟಿವಿ, ಆಮೇಲೆ ರಿಸೀವರ್, ಕೊನೆಗೆ ಪ್ಲೇಯರ್ ಹಚ್ಚಿ ನೋಡಿ. ಆಗಲೂ ಬಾರದಿದ್ದರೆ ಪ್ಲೇಯರನ್ನು ನೇರ ಟಿವಿಗೆ ಸೇರಿಸಿ, ಟಿವಿಯಿಂದ ರಿಸೀವರಿಗೆ ಆಪ್ಟಿಕಲ್ ಕೇಬಲ್ ಎಳೆಯಿರಿ. ಟಿವಿ ಹೊರಬಿಡುವುದಾದರೆ ಡಾಲ್ಬಿ ಡಿಜಿಟಲ್ 5.1 ಅದರಲ್ಲೇ ಬರುತ್ತದೆ. ನಷ್ಟವಾಗುವುದು ಬ್ಲೂ–ರೇಯ ಟ್ರೂಎಚ್‌ಡಿಯಂಥ ಗುಣಮಟ್ಟದ ಧ್ವನಿ ಮಾತ್ರ. ಆಪ್ಟಿಕಲ್ ದಾರಿಯಲ್ಲಿ ಅದು ಹಿಡಿಯದು.

ಇನ್ನು ಆಂಪ್ಲಿಫೈಯರ್ ಭಾಗದ ತೊಂದರೆ. ರಿಸೀವರ್ ಆನ್ ಮಾಡಿದ ಕೂಡಲೇ ‘ಟಕ್’ ಎಂದು ಆರಿ ಕೆಂಪು ದೀಪ ಮಿನುಗಿದರೆ ಅದು ಪ್ರೊಟೆಕ್ಷನ್, ಅಂದರೆ ಯಂತ್ರ ತನ್ನನ್ನು ತಾನೇ ಕಾಪಾಡಿಕೊಳ್ಳುವ ಏರ್ಪಾಡು. ಪ್ಲಗ್ ಕಿತ್ತು ಸ್ಪೀಕರಿನ ವೈರುಗಳನ್ನೆಲ್ಲ ಬಿಚ್ಚಿ, ವೈರಿಲ್ಲದೆಯೇ ರಿಸೀವರನ್ನು ಮತ್ತೆ ಆನ್ ಮಾಡಿ. ಈಗ ಆರದೆ ನಿಂತರೆ ತಪ್ಪು ಹೊರಗಿದೆ: ಹಿಂಬದಿಯ ಟರ್ಮಿನಲ್ಲಿನಲ್ಲಿ ತಾಮ್ರದ ಒಂದೆಳೆ ಪಕ್ಕದ್ದನ್ನು ತಾಗುತ್ತಿದ್ದರೂ ಸಾಕು. ನಿಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಅಥವಾ ಪವರ್ ಸಪ್ಲೈ ಹೋಗಿರಬಹುದು. ಧ್ವನಿ ಒಂದು ಕಡೆ ಬಂದುಹೋಗಿ ಮಾಡುತ್ತಿದ್ದರೆ ಹೆಚ್ಚಾಗಿ ರಿಲೇಯ ಕಾಂಟ್ಯಾಕ್ಟ್ ಕಪ್ಪಾಗಿರುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ರಿಲೇ, ಕೆಪಾಸಿಟರ್ ಇಂದಿಗೂ ಸಿಗುತ್ತವೆ. ಆದರೆ ಮುಚ್ಚಳ ತೆಗೆಯುವುದು ಬಲ್ಲ ಮೆಕ್ಯಾನಿಕ್‌ನ ಕೆಲಸ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರುಗಳಲ್ಲಿ ಅಪಾಯಕಾರಿ ಚಾರ್ಜ್ ಉಳಿದಿರುತ್ತದೆ.

ಎಚ್‌ಡಿಎಂಐ ಬೋರ್ಡೇ ಸತ್ತಿದ್ದು ಆಂಪ್ಲಿಫೈಯರ್ ಜೀವಂತ ಇದ್ದರೆ ನಾನಂತೂ ಮಾರಬೇಡಿ ಎನ್ನುತ್ತೇನೆ. ಎರಡು ಸ್ಪೀಕರಿನ ಸಂಗೀತಕ್ಕೆ ಅದು ಇನ್ನೂ ಸೊಗಸು. ಹೊಸದು ಕೊಳ್ಳಲೇಬೇಕಾದರೆ ಎಚ್‌ಡಿಎಂಐ ಕಿಂಡಿಗಳ ಎಣಿಕೆಗಿಂತ ಇಆರ್ಕ್ ಇದೆಯೇ ನೋಡಿ, ಟಿವಿಯಲ್ಲೂ ಅದಿರಬೇಕು. 2017ರಲ್ಲಿ ಪ್ರಕಟವಾದ ಎಚ್‌ಡಿಎಂಐ 2.1ರ ಜೊತೆ ಬಂದ ಈ ಸೌಲಭ್ಯ, ಟಿವಿಗೆ ಸೇರಿಸಿದ ಪ್ಲೇಯರಿನ ಟ್ರೂಎಚ್‌ಡಿಯನ್ನೂ ರಿಸೀವರಿಗೆ ತಲುಪಿಸಬಲ್ಲದು. ಚಿತ್ರ ಟಿವಿಯಲ್ಲೇ ಉಳಿಯುವುದರಿಂದ, ಮುಂದಿನ ಬಾರಿ ಟಿವಿ ಬದಲಾಯಿಸಿದಾಗ ರಿಸೀವರಿಗೆ ಕೈ ಹಾಕುವ ಪ್ರಸಂಗ ಕಡಿಮೆ.