ಠೇವಣಿ ಇಡಲಾಗದ ತಿಂಡಿ

"ಉಳಿಸಿದರೆ ಬೆಳೆಯುತ್ತದೆ" ಎಂದು ಬ್ಯಾಂಕಿನ ಕೌಂಟರಿನಲ್ಲಿ ಕೂತು ವರ್ಷಗಟ್ಟಲೆ ಹೇಳಿದವನು ನಾನು. ಆ ಮಾತಿಗೆ ಸೊಪ್ಪು ಹಾಕದ ತಿಂಡಿ ಫ್ರೆಂಚ್ ಫ್ರೈಸ್. 10 ನಿಮಿಷ ಉಳಿಸಿ ನೋಡಿ, ಸೊರಗಿ ಮಲಗುತ್ತದೆ!

ಮಕ್ಕಳೇ, ಕಾರಣ ಕೇಳಿ. ಆಲೂಗಡ್ಡೆಯ ಒಳಗಿನ ನೀರಿನಂಶ ಮೆಲ್ಲಗೆ ಹೊರಬಂದು ಗರಿಗರಿ ಪದರವನ್ನು ಮೆತ್ತಗಾಗಿಸುತ್ತದೆ. ಬೆಲ್ಜಿಯಂನವರು ಇದನ್ನು ಎರಡು ಸಲ ಕರಿಯುತ್ತಾರೆ: ಮೊದಲು ಹದವಾದ ಕಾವಿನಲ್ಲಿ ಒಳಗೆ ಬೇಯಲು, ಆಮೇಲೆ ಜೋರು ಕಾವಿನಲ್ಲಿ ಹೊರಗೆ ಗರಿಯಾಗಲು.

ಅನುಗೊಂಡನಹಳ್ಳಿಯ ನಮ್ಮ ಮನೆಯಲ್ಲೂ ಅದೇ ಕ್ರಮ. ಮೇಲೆ ಉಪ್ಪು, ಅಚ್ಚಖಾರದ ಪುಡಿ. ಹಾಲುಹಲ್ಲು ಬಿದ್ದ ಮೊಮ್ಮಗಳಿಗೂ ಕಟ್ಟಿಸಿದ ಹಲ್ಲಿನ ನನಗೂ ಅಗಿಯಲು ಹಿತ.

ಸೋಮವಾರ ಅವಳು ಊರಿಗೆ ಹೊರಡುತ್ತಾಳೆ. ರಜೆಯನ್ನೂ ಠೇವಣಿ ಇಡಲಾಗದು. ಅಜ್ಜ ಅಜ್ಜಿಯರೇ, ಬಾಣಲೆ ಬಿಸಿಯಿರುವಾಗಲೇ ಮೊಮ್ಮಕ್ಕಳ ಪಕ್ಕ ಕೂತುಬಿಡಿ.